ಎರೆ ಮಣ್ಣಿನಲ್ಲಿ ಆವರ್ತ ಕೋಷ್ಟಕ

ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟುವ ಭೀಮಾ ನದಿ ಅಫಜಲಪುರ ತಾಲ್ಲೂಕಿನ ಘತ್ತರಗಿಗೆ ಬರುವ ಹೊತ್ತಿಗೆ ನೂರಾರು ಕಿಲೋಮೀಟರ್ ಉದ್ದಕ್ಕೂ ಕಪ್ಪು ಬಸಾಲ್ಟ್ ಬಂಡೆಯ ನಾಡನ್ನು ತೊಳೆದುಕೊಂಡು ಬಂದಿರುತ್ತದೆ. ಭಾಗ್ಯವಂತಿ ದೇವಿಯ ಊರಿನಲ್ಲಿ ಹರಿಯುವ ಆ ನೀರು ಎಷ್ಟೇ ತಿಳಿಯಾಗಿ ಕಂಡರೂ ಅದರಲ್ಲಿ ಬಂಡೆ ಕರಗಿದೆ: ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಒಂದಿಷ್ಟು ಪೊಟ್ಯಾಸಿಯಂ. ಈ ನಾಲ್ಕೂ ಧಾತುಗಳು ಆವರ್ತ ಕೋಷ್ಟಕದ ಎಡ ಅಂಚಿನ ಮೊದಲ ಎರಡು ಕಂಬಸಾಲುಗಳಲ್ಲಿ ಅಕ್ಕಪಕ್ಕದಲ್ಲೇ ಕೂತಿವೆ. ಅದೇ ಬಂಡೆಯಲ್ಲಿ ಹೇರಳವಾಗಿರುವ ಅಲ್ಯೂಮಿನಿಯಂ ಮತ್ತು ಕಬ್ಬಿಣ ಮಾತ್ರ ನೀರಿನಲ್ಲಿ ಕರಗಿ ಬರುವುದು ತೀರಾ ಕಡಿಮೆ. ಅವು ಮಣ್ಣಿನಲ್ಲೇ ಉಳಿಯುತ್ತವೆ. ಯಾವುದು ಹರಿದು ಹೋಗಬೇಕು, ಯಾವುದು ನೆಲದಲ್ಲೇ ನಿಲ್ಲಬೇಕು ಎಂಬ ತೀರ್ಮಾನದಲ್ಲಿ ಕೋಷ್ಟಕದೊಳಗೆ ಆಯಾ ಧಾತುವಿಗಿರುವ ಸ್ಥಾನದ ಪಾಲು ದೊಡ್ಡದು.

ಎಡದಿಂದ ಬಲಕ್ಕೆ ಹೋದಂತೆ ಪರಮಾಣುವಿನ ಗಾತ್ರ ಕುಗ್ಗುತ್ತದೆ, ಮೇಲಿನಿಂದ ಕೆಳಕ್ಕೆ ಇಳಿದಂತೆ ಹಿಗ್ಗುತ್ತದೆ. ಈ ಸಾಲನ್ನು ಮಕ್ಕಳು ಪರೀಕ್ಷೆಗೆಂದು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಮರೆಯಬಾರದ ಸಾಲು ಅದು. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಮಣ್ಣು ಯಾಕೆ ಹೀಗಿದೆ, ಸುಣ್ಣದ ಕಲ್ಲು ಭಟ್ಟಿಯಲ್ಲಿ ಯಾಕೆ ಸುಣ್ಣವಾಗುತ್ತದೆ, ಬೋರ್‌ವೆಲ್ ನೀರು ಯಾಕೆ ಕೆಲವೆಡೆ ಹಲ್ಲು ಕೆಡಿಸುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ಆ ಒಂದು ಸಾಲಿಗೇ ಬಂದು ತಲುಪುತ್ತೇವೆ.

ಒಂದೇ ಎಳೆತ

ಪರಮಾಣುವಿನ ನಡುವೆ ಧನ ಆವೇಶದ ನ್ಯೂಕ್ಲಿಯಸ್ ಇದೆ, ಅದರ ಸುತ್ತ ಕವಚ ಕವಚವಾಗಿ ಎಲೆಕ್ಟ್ರಾನುಗಳಿವೆ. ನ್ಯೂಕ್ಲಿಯಸ್ ಎಲ್ಲ ಎಲೆಕ್ಟ್ರಾನುಗಳನ್ನೂ ಎಳೆಯುತ್ತದೆ. ಆದರೆ ಜಾತ್ರೆಯಲ್ಲಿ ಮುಂದೆ ನಿಂತ ಜನ ಹಿಂದಿದ್ದವರಿಗೆ ತೇರನ್ನು ಮರೆಮಾಡುವಂತೆ, ಒಳಗಿನ ಎಲೆಕ್ಟ್ರಾನುಗಳು ಹೊರಗಿನವಕ್ಕೆ ನ್ಯೂಕ್ಲಿಯಸ್ಸಿನ ಬಲವನ್ನು ಮರೆಮಾಡುತ್ತವೆ. ಹೊರ ಕವಚಕ್ಕೆ ನಿಜವಾಗಿ ತಲುಪುವ ಎಳೆತ ಎಷ್ಟು, ಆ ಕವಚ ಎಷ್ಟು ದೂರದಲ್ಲಿದೆ ಎಂಬ ಎರಡು ಸಂಗತಿಗಳ ಮೇಲೆ ಧಾತುವಿನ ಬಹುಪಾಲು ಸ್ವಭಾವ ನಿಂತಿದೆ.

ಮೂರನೆಯ ಅಡ್ಡಸಾಲನ್ನು ನೋಡಿ. ಸೋಡಿಯಂನಲ್ಲಿ 11 ಪ್ರೋಟಾನು, ಕ್ಲೋರಿನ್‌ನಲ್ಲಿ 17. ಒಳಗೆ ಮರೆಮಾಡುವ ಎಲೆಕ್ಟ್ರಾನುಗಳು ಎರಡರಲ್ಲೂ ಹತ್ತೇ. ಹೀಗಾಗಿ ಸಾಲಿನಲ್ಲಿ ಬಲಕ್ಕೆ ಸರಿದಂತೆ ಎಳೆತ ಬಿಗಿಯಾಗುತ್ತದೆ, ಪರಮಾಣು ಕುಗ್ಗುತ್ತದೆ: ಸೋಡಿಯಂನ ತ್ರಿಜ್ಯ 186 ಪಿಕೋಮೀಟರ್, ಮೆಗ್ನೀಸಿಯಂ 160, ಅಲ್ಯೂಮಿನಿಯಂ 143, ಕ್ಲೋರಿನ್ 99. ಒಂದು ಪಿಕೋಮೀಟರ್ ಅಂದರೆ ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಕಂಬಸಾಲಿನಲ್ಲಿ ಇಳಿದಾಗ ಪ್ರತಿ ಮೆಟ್ಟಿಲಿಗೂ ಹೊಸ ಕವಚ ಸೇರುತ್ತದೆ, ಪರಮಾಣು ದೊಡ್ಡದಾಗುತ್ತದೆ: ಲಿಥಿಯಂ 152, ಸೋಡಿಯಂ 186, ಪೊಟ್ಯಾಸಿಯಂ 227, ಸೀಸಿಯಂ 265.

ಗಾತ್ರದ ಬೆನ್ನಿಗೇ ಬೇರೆ ಗುಣಗಳೂ ಬರುತ್ತವೆ. ಅನಿಲ ರೂಪದ ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತು ತೆಗೆಯಲು ಬೇಕಾದ ಶಕ್ತಿಗೆ ಅಯಾನೀಕರಣ ಶಕ್ತಿ ಎನ್ನುತ್ತಾರೆ. ಸೋಡಿಯಂಗೆ ಅದು ಮೋಲ್‌ಗೆ 496 ಕಿಲೋಜೂಲ್, ಕ್ಲೋರಿನ್‌ಗೆ 1251. ಎಡಗಡೆಯವು ಎಲೆಕ್ಟ್ರಾನು ಬಿಟ್ಟುಕೊಡುವ ಲೋಹಗಳು, ಬಲಗಡೆಯವು ಕಸಿದುಕೊಳ್ಳುವ ಅಲೋಹಗಳು ಆದದ್ದು ಹೀಗೆ. ಸೋಡಿಯಂನಿಂದ ಎರಡನೆಯ ಎಲೆಕ್ಟ್ರಾನನ್ನು ಕೀಳಬೇಕಾದರೆ 4562 ಕಿಲೋಜೂಲ್ ಬೇಕು, ಏಕೆಂದರೆ ಅದು ಒಳ ಕವಚದ್ದು. ಕ್ಯಾಲ್ಸಿಯಂ ಮಾತ್ರ ಎರಡನ್ನು 590 ಮತ್ತು 1145 ಕಿಲೋಜೂಲ್‌ಗಳಲ್ಲಿ ಕೊಟ್ಟುಬಿಡುತ್ತದೆ. ಸೋಡಿಯಂ ಅಯಾನಿಗೆ ಒಂದು ಧನ ಆವೇಶ, ಕ್ಯಾಲ್ಸಿಯಂ ಅಯಾನಿಗೆ ಎರಡು. ಭೀಮಾ ಸೀಮೆಯ ಕೃಷಿಯಲ್ಲಿ ಈ ಒಂದು ಮತ್ತು ಎರಡರ ವ್ಯತ್ಯಾಸಕ್ಕೆ ಬಹಳ ಬೆಲೆಯಿದೆ.

ಕಪ್ಪು ಬಂಡೆಯ ಒಳಗೆ

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಪದರ ಪದರವಾಗಿ ಲಾವಾ ಹರಿಯಿತು. ಆಳಂದ ಮತ್ತು ಅಫಜಲಪುರದ ನೆಲದಡಿ ಇರುವುದು ಆ ಲಾವಾ ತಣಿದು ಆದ ಬಸಾಲ್ಟ್. ಅದು ತಣಿಯುವಾಗ ಪ್ಲೇಜಿಯೊಕ್ಲೇಸ್ ಎಂಬ ಖನಿಜದ ಹರಳುಗಳು ಕಟ್ಟಿಕೊಂಡವು. ಈ ಹರಳಿನಲ್ಲಿ ಸೋಡಿಯಂ ಇರಬೇಕಾದ ಜಾಗದಲ್ಲಿ ಕ್ಯಾಲ್ಸಿಯಂ, ಕ್ಯಾಲ್ಸಿಯಂ ಇರಬೇಕಾದ ಜಾಗದಲ್ಲಿ ಸೋಡಿಯಂ ಸಲೀಸಾಗಿ ಬಂದು ಕೂರುತ್ತದೆ. ಎರಡೂ ಬೇರೆ ಬೇರೆ ಕಂಬಸಾಲಿನವಾದರೂ ಅವುಗಳ ಅಯಾನಿನ ತ್ರಿಜ್ಯ ಹೆಚ್ಚುಕಡಿಮೆ ಒಂದೇ: ಸೋಡಿಯಂ 102, ಕ್ಯಾಲ್ಸಿಯಂ 100 ಪಿಕೋಮೀಟರ್. ಕೋಷ್ಟಕದಲ್ಲಿ ಸೋಡಿಯಂನಿಂದ ಒಂದು ಮನೆ ಕೆಳಗಿಳಿದರೆ ಅಯಾನು ಹಿಗ್ಗುತ್ತದೆ, ಅಲ್ಲಿಂದ ಒಂದು ಮನೆ ಬಲಕ್ಕೆ ಸರಿದರೆ ಕುಗ್ಗುತ್ತದೆ. ಹಿಗ್ಗಿದ್ದೂ ಕುಗ್ಗಿದ್ದೂ ಸರಿದೂಗಿ, ಓರೆಯಾಗಿರುವ ಇವೆರಡೂ ಗಾತ್ರದಲ್ಲಿ ಸರಿಜೋಡಿಯಾಗುತ್ತವೆ. ಆವೇಶದ ಲೆಕ್ಕ ಸರಿಹೊಂದಲು ಪಕ್ಕದಲ್ಲಿ ಒಂದು ಸಿಲಿಕಾನ್ ಜಾಗಕ್ಕೆ ಅಲ್ಯೂಮಿನಿಯಂ ಬಂದರೆ ಸಾಕು. ಪೊಟ್ಯಾಸಿಯಂ ಅಯಾನಿನ ತ್ರಿಜ್ಯ 138 ಪಿಕೋಮೀಟರ್. ಅದಕ್ಕೆ ಈ ಹರಳಿನಲ್ಲಿ ಅಷ್ಟು ಸುಲಭವಾಗಿ ಜಾಗ ಸಿಗುವುದಿಲ್ಲ.

ಮಳೆ ನೀರು ಈ ಬಂಡೆಯನ್ನು ಕೊರೆಯುವಾಗ ಇನ್ನೊಂದು ಲೆಕ್ಕ ಮುಂದೆ ಬರುತ್ತದೆ. ಅಯಾನಿನ ಆವೇಶವನ್ನು ಅದರ ತ್ರಿಜ್ಯದಿಂದ ಭಾಗಿಸಿದರೆ ಅದರ ಬಿಗಿತದ ಅಳತೆ ಸಿಗುತ್ತದೆ. ಭೂರಸಾಯನ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ವಿಕ್ಟರ್ ಗೋಲ್ಡ್‌ಶ್ಮಿಟ್ ಈ ಅಳತೆಯನ್ನು ಹಿಡಿದು ಧಾತುಗಳ ಓಡಾಟವನ್ನು ವಿವರಿಸಿದ. ಬಿಗಿತ ಕಡಿಮೆಯಿರುವ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ನೀರಿನ ಅಣುಗಳನ್ನು ಸುತ್ತ ಕಟ್ಟಿಕೊಂಡು ಹರಿದು ಹೋಗುತ್ತವೆ. ಮಧ್ಯಮ ಬಿಗಿತದ ಅಲ್ಯೂಮಿನಿಯಂ ಮತ್ತು ತುಕ್ಕು ಹಿಡಿದ ಕಬ್ಬಿಣದ ಅಯಾನುಗಳು ನೀರಿನ ಅಣುವಿನಿಂದ ಹೈಡ್ರೋಜನನ್ನು ಬೇರ್ಪಡಿಸಿ, ಕರಗದ ಹೈಡ್ರಾಕ್ಸೈಡುಗಳಾಗಿ ಅಲ್ಲೇ ಕೂರುತ್ತವೆ. ಕೋಷ್ಟಕದ ಬಲಗಡೆಯ, ಅತಿ ಬಿಗಿತದ ಗಂಧಕ ಮತ್ತು ಸಾರಜನಕ ಆಮ್ಲಜನಕದೊಂದಿಗೆ ಸೇರಿ ಸಲ್ಫೇಟ್, ನೈಟ್ರೇಟ್ ಆಗಿ ಮತ್ತೆ ನೀರಿಗಿಳಿಯುತ್ತವೆ.

ಇದರ ಫಲವನ್ನು ನೆರೆಯ ಬೀದರ ಜಿಲ್ಲೆಗೆ ಹೋಗಿ ನೋಡಬಹುದು. ಬೀದರದ ಕೋಟೆ ನಿಂತಿರುವ ಎತ್ತರದ ಬಯಲಿನಲ್ಲಿ ಇದೇ ಬಸಾಲ್ಟ್ ದೀರ್ಘಕಾಲ ಮಳೆಗೆ ತೊಳೆದು ತೊಳೆದು, ಎಡ ಕಂಬಸಾಲಿನ ಧಾತುಗಳೆಲ್ಲ ಹೋಗಿ, ಸಿಲಿಕಾವೂ ಬಹುಪಾಲು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದ ಕೆಂಪು ಜಂಬಿಟ್ಟಿಗೆ ಆಗಿದೆ. ಆಳಂದ, ಅಫಜಲಪುರದ ತಗ್ಗು ನೆಲದಲ್ಲಿ ತೊಳೆತ ಅಷ್ಟು ನಡೆದಿಲ್ಲ. ಇಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಳಿದುಕೊಂಡು, ಸಿಲಿಕಾ ಜೊತೆಗೂಡಿ, ತೊಗರಿ ಮತ್ತು ಹಿಂಗಾರಿ ಜೋಳ ಬೆಳೆಯುವ ಎರೆ ಭೂಮಿಯಾಯಿತು. ಬಂಡೆ ಒಂದೇ, ಮಣ್ಣು ಎರಡು.

ಸವಳಿನ ಲೆಕ್ಕ

ಎರೆ ಮಣ್ಣಿನ ಜೀವಾಳ ಸ್ಮೆಕ್ಟೈಟ್ ಎಂಬ ಜೇಡಿ ಖನಿಜ. ಕಾಗದದ ಹಾಳೆಗಳಿಗಿಂತ ಎಷ್ಟೋ ತೆಳುವಾದ ಇದರ ಪದರಗಳಿಗೆ ಋಣ ಆವೇಶವಿದೆ. ಪದರಗಳ ನಡುವೆ ಧನ ಅಯಾನುಗಳು ಕೂತು ಅವನ್ನು ಹಿಡಿದಿಡುತ್ತವೆ. ನೀರು ಬಿದ್ದರೆ ಪದರಗಳು ಸರಿದು ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಆಳದ ಬಿರುಕು ಬಿಡುತ್ತದೆ. ಹಿಂಗಾರಿ ಬೆಳೆಗೆ ಬೇಕಾದ ಹಸಿಯನ್ನು ಈ ಮಣ್ಣು ತಿಂಗಳುಗಟ್ಟಲೆ ಕಾಪಾಡುವುದೂ ಇದೇ ಗುಣದಿಂದ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿ ತೊಗರಿ ಬೇಳೆಯ ಹಿಂದೆ ಈ ಮಣ್ಣಿದೆ.

ಪದರಗಳ ನಡುವೆ ಕ್ಯಾಲ್ಸಿಯಂ ಇದ್ದರೆ ಅದರ ಎರಡು ಆವೇಶ ಪದರಗಳನ್ನು ಗಟ್ಟಿಯಾಗಿ ಹಿಡಿಯುತ್ತದೆ. ಮಣ್ಣಿನ ಕಣಗಳು ಗುಂಪುಗೂಡಿ ನಡುವೆ ಗಾಳಿ ನೀರಿಗೆ ದಾರಿ ಇರುತ್ತದೆ. ಅದೇ ಗಾತ್ರದ ಸೋಡಿಯಂ ಬಂದು ಕೂತರೆ ಹಿಡಿತ ಸಾಲುವುದಿಲ್ಲ. ನೀರು ಸೇರಿದಾಗ ಪದರಗಳು ಬಿಡಿಬಿಡಿಯಾಗಿ ತೇಲಿ, ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಮೇಲೆ ನೀರು ನಿಲ್ಲುತ್ತದೆ, ಕೆಳಗೆ ಇಳಿಯುವುದಿಲ್ಲ. ಒಣಗಿದಾಗ ಹೆಂಟೆ ಕಲ್ಲಾಗುತ್ತದೆ. ರೈತರು ಸವಳು ಎನ್ನುವ ನೆಲದ ಒಂದು ಬಗೆ ಇದು. ಮಣ್ಣು ಹಿಡಿದಿಟ್ಟ ಧನ ಅಯಾನುಗಳಲ್ಲಿ ಸೋಡಿಯಂನ ಪಾಲು ಶೇ 15 ದಾಟಿದರೆ ಅದನ್ನು ಕ್ಷಾರ ಮಣ್ಣು ಎಂದು ಕರೆಯುವುದು ರೂಢಿ. ಎರೆ ಮಣ್ಣಿನಲ್ಲಿ ಅದಕ್ಕಿಂತ ಕಡಿಮೆಯಿದ್ದಾಗಲೇ ತೊಂದರೆ ಕಾಣುತ್ತದೆ. ನಾರಾಯಣಪುರ ಎಡದಂಡೆಯ ನೀರು ಜೇವರ್ಗಿ ಶಾಖಾ ಕಾಲುವೆಯಲ್ಲಿ ಹರಿಯುವ ಸೀಮೆಯಿರಲಿ, ಭೀಮಾ ಬ್ಯಾರೇಜುಗಳಿಂದ ಕಬ್ಬಿಗೆ ನೀರೆತ್ತುವ ದಂಡೆಯಿರಲಿ, ಬಸಿಗಾಲುವೆ ಇಲ್ಲದೆ ಎರೆ ಹೊಲಕ್ಕೆ ನೀರು ಹಾಯಿಸುತ್ತ ಹೋದರೆ ಲವಣ ಮೇಲೆದ್ದು ಈ ಅಪಾಯ ಬರುತ್ತದೆ.

ಪರಿಹಾರವೂ ಕೋಷ್ಟಕದಲ್ಲೇ ಇದೆ. ಕ್ಷಾರ ಮಣ್ಣಿಗೆ ಜಿಪ್ಸಂ ಹಾಕುತ್ತಾರೆ. ಅದು ಕ್ಯಾಲ್ಸಿಯಂ ಸಲ್ಫೇಟ್. ಕ್ಯಾಲ್ಸಿಯಂ ಹೋಗಿ ಸೋಡಿಯಂನ ಜಾಗ ಹಿಡಿಯುತ್ತದೆ, ಸೋಡಿಯಂ ಸಲ್ಫೇಟ್ ಆಗಿ ಬಸಿ ನೀರಿನೊಂದಿಗೆ ಹೊರಹೋಗುತ್ತದೆ. ಆದರೆ ಎರಡನೆಯ ಕಂಬಸಾಲಿನಲ್ಲಿ ಕ್ಯಾಲ್ಸಿಯಂ ಒಂದೇ ಇಲ್ಲವಲ್ಲ, ಬೇರೆಯವರಿಂದ ಈ ಕೆಲಸ ಆಗದೇ? ಸಲ್ಫೇಟುಗಳ ಕರಗುವಿಕೆ ಕಂಬಸಾಲಿನಲ್ಲಿ ಇಳಿದಂತೆ ಸರ್ರನೆ ಬೀಳುತ್ತದೆ. ಒಂದು ಲೀಟರ್ ನೀರಿನಲ್ಲಿ ಮೆಗ್ನೀಸಿಯಂ ಸಲ್ಫೇಟ್ ನೂರಾರು ಗ್ರಾಂ ಕರಗಿದರೆ, ಜಿಪ್ಸಂ ಎರಡೂವರೆ ಗ್ರಾಂ ಹತ್ತಿರ, ಬೇರಿಯಂ ಸಲ್ಫೇಟ್ ಎರಡೂವರೆ ಮಿಲಿಗ್ರಾಂ ಮಾತ್ರ. ಮೊದಲನೆಯದು ಬೇಗ ಕರಗಿ ತೊಳೆದುಹೋಗುತ್ತದೆ, ಮೇಲಾಗಿ ಮೆಗ್ನೀಸಿಯಂ ಮಣ್ಣಿನ ಕಣಗಳನ್ನು ಕ್ಯಾಲ್ಸಿಯಂನಷ್ಟು ಚೆನ್ನಾಗಿ ಕಟ್ಟುವುದಿಲ್ಲ. ಕೊನೆಯದು ಕರಗುವುದೇ ಇಲ್ಲ. ನಡುವಿನ ಜಿಪ್ಸಂ ಮಾತ್ರ ಮಣ್ಣಿಗೆ ನಿಧಾನವಾಗಿ, ಬೇಕಾದಷ್ಟು ಕಾಲ ಕ್ಯಾಲ್ಸಿಯಂ ಒದಗಿಸುತ್ತದೆ. ಬೇರಿಯಂ ಅಯಾನು ವಿಷ; ಆದರೂ ಹೊಟ್ಟೆಯ ಎಕ್ಸ್‌ರೇ ತೆಗೆಯುವ ಮುನ್ನ ರೋಗಿಗೆ ಬೇರಿಯಂ ಸಲ್ಫೇಟ್ ಕುಡಿಸಲು ಸಾಧ್ಯವಾಗಿರುವುದು ಅದು ಕರಗದ ಕಾರಣಕ್ಕೆ.

ಪೊಟ್ಯಾಸಿಯಂ ವಿಷಯದಲ್ಲಿ ಒಂದು ಸೊಗಸಾದ ತಿರುವು ಇದೆ. ಬರಿಯ ಅಯಾನನ್ನು ನೋಡಿದರೆ ಸೋಡಿಯಂಗಿಂತ ಪೊಟ್ಯಾಸಿಯಂ ದೊಡ್ಡದು. ನೀರಿನಲ್ಲಿ ಮಾತ್ರ ಲೆಕ್ಕ ತಲೆಕೆಳಗು. ಪುಟ್ಟ ಸೋಡಿಯಂ ಅಯಾನು ನೀರಿನ ಅಣುಗಳನ್ನು ಬಿಗಿಯಾಗಿ ಮೈಗೆ ಅಂಟಿಸಿಕೊಂಡು ದಪ್ಪವಾಗುತ್ತದೆ. ಪೊಟ್ಯಾಸಿಯಂ ಅವನ್ನು ಸಡಿಲವಾಗಿ ಹಿಡಿದು, ಬೇಕೆಂದಾಗ ಕಳಚಿಹಾಕುತ್ತದೆ. ಹೀಗೆ ನೀರು ಕಳಚಿದ ಪೊಟ್ಯಾಸಿಯಂ ಕೆಲವು ಜೇಡಿ ಪದರಗಳ ಕುಳಿಗಳಲ್ಲಿ ಸರಿಯಾಗಿ ಕೂತು ಭದ್ರವಾಗುತ್ತದೆ. ಜೀವಕೋಶದ ಪೊರೆಯಲ್ಲಿರುವ ಪೊಟ್ಯಾಸಿಯಂ ಕಿಂಡಿಗಳೂ ಇದೇ ಗುಣವನ್ನು ನೆಚ್ಚಿವೆ: ನೀರು ಕಳಚಿದ ಪೊಟ್ಯಾಸಿಯಂ ಒಳಗೆ ಸಲೀಸಾಗಿ ಹೋಗುತ್ತದೆ, ಅದಕ್ಕಿಂತ ಚಿಕ್ಕದಾದ ಸೋಡಿಯಂಗೆ ಹೊರಗೇ ತಡೆ. ಈ ಕಿಂಡಿಯ ರಚನೆಯನ್ನು 1998ರಲ್ಲಿ ಬಿಡಿಸಿಟ್ಟ ರೊಡೆರಿಕ್ ಮೆಕಿನನ್‌ಗೆ 2003ರ ರಸಾಯನ ವಿಜ್ಞಾನ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು.

ಸುಣ್ಣದ ಮನೆತನ

ಭೀಮೆಯ ಜೊತೆ ಪೂರ್ವಕ್ಕೆ ಸರಿದಂತೆ ಕಪ್ಪು ಬಂಡೆ ಹಿಂದೆ ಬಿದ್ದು ಸುಣ್ಣದ ಕಲ್ಲಿನ ನಾಡು ಶುರುವಾಗುತ್ತದೆ. ಮನೆ ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಪರಸಿ ಇಲ್ಲಿನದು. ವಾಡಿ, ಸೇಡಂ, ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದ ಮಳಖೇಡ, ಇಲ್ಲೆಲ್ಲ ಸಿಮೆಂಟ್ ಕಾರ್ಖಾನೆಗಳು ಎದ್ದದ್ದು ಈ ಕಲ್ಲನ್ನು ನಂಬಿ.

ಸುಣ್ಣದ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್. ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಇದೇ ಕಂಬಸಾಲಿನಲ್ಲಿ ಒಂದು ಮನೆ ಮೇಲಿರುವ ಮೆಗ್ನೀಸಿಯಂನ ಕಾರ್ಬೊನೇಟ್ ಅದಕ್ಕಿಂತ ನೂರಾರು ಡಿಗ್ರಿ ಕಡಿಮೆ ಶಾಖಕ್ಕೇ ಒಡೆಯುತ್ತದೆ. ಕೆಳಗಿನ ಸ್ಟ್ರಾನ್ಷಿಯಂ, ಬೇರಿಯಂಗಳದ್ದು ಇನ್ನೂ ಹೆಚ್ಚು ಶಾಖ ಬೇಡುತ್ತದೆ. ಚಿಕ್ಕದಾದ ಮೆಗ್ನೀಸಿಯಂ ಅಯಾನು ಪಕ್ಕದ ಕಾರ್ಬೊನೇಟಿನ ಎಲೆಕ್ಟ್ರಾನು ಮೋಡವನ್ನು ತನ್ನ ಕಡೆಗೆ ಜೋರಾಗಿ ಎಳೆದು, ಒಂದು ಆಮ್ಲಜನಕವನ್ನು ಬಿಡಿಸಿಕೊಳ್ಳಲು ಕಾದಿರುತ್ತದೆ. ದೊಡ್ಡದಾದ ಬೇರಿಯಂಗೆ ಆ ಎಳೆತ ಇಲ್ಲ.

ಸಿಮೆಂಟ್ ಭಟ್ಟಿಯಲ್ಲಿ ಶಾಖ 1450 ಡಿಗ್ರಿ ಮುಟ್ಟುತ್ತದೆ. ಅಲ್ಲಿ ಸುಣ್ಣ ಜೇಡಿಯಲ್ಲಿರುವ ಸಿಲಿಕಾ ಜೊತೆ ಕೂಡುತ್ತದೆ. ಅಡ್ಡಸಾಲಿನ ಇನ್ನೊಂದು ನಿಯಮ ಇಲ್ಲಿ ಕೆಲಸ ಮಾಡಿದೆ: ಎಡಗಡೆಯ ಲೋಹಗಳ ಆಕ್ಸೈಡುಗಳು ಪ್ರತ್ಯಾಮ್ಲಗಳು, ನಡುವಿನ ಅಲ್ಯೂಮಿನಿಯಂನದು ಎರಡೂ ಗುಣದ್ದು, ಅಲ್ಲಿಂದ ಬಲಕ್ಕೆ ಸಿಲಿಕಾನ್, ರಂಜಕ, ಗಂಧಕಗಳವು ಆಮ್ಲಗುಣದವು. ಪ್ರತ್ಯಾಮ್ಲವಾದ ಸುಣ್ಣ ಮತ್ತು ಆಮ್ಲಗುಣದ ಸಿಲಿಕಾ ಸೇರಿ ಆದ ಕ್ಯಾಲ್ಸಿಯಂ ಸಿಲಿಕೇಟುಗಳೇ ನೀರು ಬಿದ್ದಾಗ ಗಟ್ಟಿಯಾಗುವ ಸಿಮೆಂಟಿನ ತಿರುಳು.

ಆವರ್ತ ಕೋಷ್ಟಕದ ಚರಿತ್ರೆಗೂ ಈ ಸುಣ್ಣದ ಮನೆತನಕ್ಕೂ ಹಳೆಯ ನಂಟಿದೆ. ಜರ್ಮನಿಯ ಯೋಹಾನ್ ಡೋಬರೈನರ್ ಮೊದಲು ಗಮನಿಸಿದ ತ್ರಿವಳಿಗಳಲ್ಲಿ ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ, ಬೇರಿಯಂ ಒಂದು. ಇಂದಿನ ಅಂಕಿಗಳಲ್ಲಿ ಹೇಳುವುದಾದರೆ ಕ್ಯಾಲ್ಸಿಯಂನ ಪರಮಾಣು ತೂಕ 40, ಬೇರಿಯಂನದು 137. ಎರಡರ ಸರಾಸರಿ 88.5. ಸ್ಟ್ರಾನ್ಷಿಯಂನ ತೂಕ 87.6. 1829ರಲ್ಲಿ ಆತ ಇಂಥ ತ್ರಿವಳಿಗಳ ಬಗ್ಗೆ ಬರೆದಾಗ ಧಾತುಗಳಲ್ಲಿ ಒಂದು ಕ್ರಮ ಅಡಗಿದೆ ಎಂಬ ಗುಮಾನಿಗೆ ಮೊದಲ ಆಧಾರ ಸಿಕ್ಕಿತು.

ಈ ಮನೆತನದ ಸಾಮ್ಯ ಮನುಷ್ಯನಿಗೆ ಅಪಾಯವನ್ನೂ ತರುತ್ತದೆ. ಸ್ಟ್ರಾನ್ಷಿಯಂ ದೇಹ ಸೇರಿದರೆ ಮೂಳೆ ಅದನ್ನು ಕ್ಯಾಲ್ಸಿಯಂನಂತೆಯೇ ಬರಮಾಡಿಕೊಳ್ಳುತ್ತದೆ. ಅಣುಬಾಂಬ್ ಸ್ಫೋಟದಲ್ಲಿ ಹುಟ್ಟುವ ಸ್ಟ್ರಾನ್ಷಿಯಂ-90ರ ಭಯ ಇರುವುದು ಇದರಿಂದಲೇ. ಕಂಬಸಾಲಿನ ತಳದಲ್ಲಿರುವ ರೇಡಿಯಂ ಕೂಡ ಮೂಳೆಗೇ ಹೋಗುತ್ತದೆ. 1898ರಲ್ಲಿ ಕ್ಯೂರಿ ದಂಪತಿ ಯುರೇನಿಯಂ ಅದಿರಿನಲ್ಲಿ ರೇಡಿಯಂ ಹುಡುಕಿದಾಗ ಅದು ಬೇರಿಯಂ ಜೊತೆಗೇ ಅಂಟಿಕೊಂಡು ಬರುತ್ತಿತ್ತು. ಭೀಮಾ ಕೊಳ್ಳದ ಸುಣ್ಣದ ಕಲ್ಲಿನ ಅಂಚಿನಲ್ಲಿ, ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಇದೆ. ಯುರೇನಿಯಂ ಇದ್ದಲ್ಲಿ ಅದರ ಸಂತತಿಯಾಗಿ ರೇಡಿಯಂ ಇರುತ್ತದೆ. ಹೀಗಾಗಿ ಅಂಥ ಕಡೆ ಕುಡಿಯುವ ನೀರಿನ ಪರೀಕ್ಷೆಗೆ ವಿಶೇಷ ಮಹತ್ವವಿದೆ.

ಬಲ ಅಂಚಿನ ಫ್ಲೋರಿನ್

ಈಗ ಕೋಷ್ಟಕದ ಇನ್ನೊಂದು ಅಂಚಿಗೆ ಹೋಗೋಣ. ಹ್ಯಾಲೊಜನ್‌ಗಳ ಕಂಬಸಾಲಿನ ತುದಿಯಲ್ಲಿ ಫ್ಲೋರಿನ್, ಅದರ ಕೆಳಗೆ ಕ್ಲೋರಿನ್. ಭಾರತೀಯ ಮಾನಕ ಬ್ಯೂರೋದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡ್ ಇದ್ದರೂ ಒಪ್ಪಿಗೆ. ಫ್ಲೋರೈಡ್‌ಗೆ ಮಿತಿ 1 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 1.5. ಒಂದೇ ಮನೆತನದ ಎರಡು ಧಾತುಗಳ ನಡುವೆ ಇಷ್ಟು ಅಂತರವೇಕೆ?

ಫ್ಲೋರೈಡ್ ಅಯಾನಿನ ತ್ರಿಜ್ಯ 133 ಪಿಕೋಮೀಟರ್, ಕ್ಲೋರೈಡ್‌ನದು 181. ನಮ್ಮ ಹಲ್ಲು ಮತ್ತು ಮೂಳೆಯ ಖನಿಜದಲ್ಲಿ ಕ್ಯಾಲ್ಸಿಯಂ, ಫಾಸ್ಫೇಟುಗಳ ಜೊತೆ ಹೈಡ್ರಾಕ್ಸೈಡ್ ಅಯಾನು ಇರುತ್ತದೆ. ಅದರ ಗಾತ್ರ ಫ್ಲೋರೈಡ್‌ನ ಗಾತ್ರಕ್ಕೆ ಬಹಳ ಹತ್ತಿರ. ಹೀಗಾಗಿ ಫ್ಲೋರೈಡ್ ಆ ಜಾಗಕ್ಕೆ ನುಗ್ಗಿ ಕೂರುತ್ತದೆ. ಸ್ವಲ್ಪ ಇದ್ದರೆ ಹಲ್ಲನ್ನು ಗಟ್ಟಿ ಮಾಡುತ್ತದೆ, ಹೆಚ್ಚಾದರೆ ಹಲ್ಲಿಗೆ ಕಂದು ಕಲೆ, ವರ್ಷಾನುಗಟ್ಟಲೆ ಸೇವಿಸಿದರೆ ಮೂಳೆಗಳಿಗೆ ಬಿಗಿತ.

ಎರಡು ಪುಟ್ಟ ಅಯಾನುಗಳು ಹತ್ತಿರ ಬಂದರೆ ಬಿಗಿಯಾಗಿ ಅಪ್ಪಿಕೊಳ್ಳುತ್ತವೆ. ಲೀಟರ್ ನೀರಿನಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ 700 ಗ್ರಾಂಗೂ ಹೆಚ್ಚು ಕರಗಿದರೆ, ಕ್ಯಾಲ್ಸಿಯಂ ಫ್ಲೋರೈಡ್ 16 ಮಿಲಿಗ್ರಾಂ ಆಸುಪಾಸು. ಕ್ಯಾಲ್ಸಿಯಂ ಇರುವ ನೀರು ಫ್ಲೋರೈಡನ್ನು ಅಂಕೆಯಲ್ಲಿಡುತ್ತದೆ. ನೆಲದಾಳದಲ್ಲಿ ನೀರು ದೀರ್ಘಕಾಲ ನಿಂತು, ಕ್ಯಾಲ್ಸಿಯಂ ಸುಣ್ಣವಾಗಿ ಕೂತು ಅಥವಾ ಜೇಡಿಗೆ ಅಂಟಿ, ಬದಲಿಗೆ ಸೋಡಿಯಂ ನೀರಿಗೆ ಬಂದರೆ ಆ ಅಂಕೆ ತಪ್ಪುತ್ತದೆ. ಹೊಲದಲ್ಲಿ ಸವಳಿಗೆ ಕಾರಣವಾದ ಸೋಡಿಯಂ ಮತ್ತು ಕ್ಯಾಲ್ಸಿಯಂಗಳ ಅದಲುಬದಲು ಬೋರ್‌ವೆಲ್ಲಿನಲ್ಲಿ ಫ್ಲೋರೈಡ್‌ಗೆ ದಾರಿ ಬಿಡುತ್ತದೆ. ನಾಲಿಗೆಗೆ ಮೆತ್ತಗಿರುವ, ಬೇಳೆ ಚೆನ್ನಾಗಿ ಬೇಯುವ ನೀರು ಸುರಕ್ಷಿತ ಎಂದು ಅದರಿಂದಷ್ಟೇ ನಂಬಲಾಗದು.

ನಿಯಮ ತಡವರಿಸುವಲ್ಲಿ

ಕೋಷ್ಟಕದ ನಿಯಮಗಳು ಗೆರೆ ಎಳೆದಂತೆ ನೇರವಲ್ಲ. ಮೆಗ್ನೀಸಿಯಂನ ಅಯಾನೀಕರಣ ಶಕ್ತಿ 738; ಬಲಕ್ಕಿರುವ ಅಲ್ಯೂಮಿನಿಯಂನದು ಹೆಚ್ಚಬೇಕಿತ್ತು, ಆದರೆ 578ಕ್ಕೆ ಇಳಿಯುತ್ತದೆ, ಏಕೆಂದರೆ ಅದರ ಕೊನೆಯ ಎಲೆಕ್ಟ್ರಾನು ಹೊಸ ಉಪಕವಚದಲ್ಲಿ ಸಡಿಲವಾಗಿದೆ. ರಾಯಚೂರು ಜಿಲ್ಲೆಯ ಹಟ್ಟಿ ಗಣಿಯ ಚಿನ್ನದಲ್ಲಿ ಇನ್ನೊಂದು ಅಚ್ಚರಿ. ಬೆಳ್ಳಿಗೆ 47 ಪ್ರೋಟಾನು, ಒಂದು ಮನೆ ಕೆಳಗಿನ ಚಿನ್ನಕ್ಕೆ 79. ಆದರೂ ಎರಡರ ತ್ರಿಜ್ಯ 144 ಪಿಕೋಮೀಟರ್ ಹತ್ತಿರವೇ ಇದೆ. ನಡುವೆ ಬರುವ ಲ್ಯಾಂಥನೈಡ್ ಧಾತುಗಳಲ್ಲಿ ತುಂಬುವ ಎಫ್ ಎಲೆಕ್ಟ್ರಾನುಗಳು ನ್ಯೂಕ್ಲಿಯಸ್ಸನ್ನು ಸರಿಯಾಗಿ ಮರೆಮಾಡಲಾರವು, ಹಾಗಾಗಿ ಹಿಗ್ಗಬೇಕಾದದ್ದು ಕುಗ್ಗಿಬಿಟ್ಟಿತು. ನಿಸರ್ಗದಲ್ಲಿ ಸಿಗುವ ಚಿನ್ನದೊಳಗೆ ಬೆಳ್ಳಿ ಸಲೀಸಾಗಿ ಬೆರೆತಿರುವುದಕ್ಕೆ ಈ ಸಮಗಾತ್ರವೂ ಒಂದು ಕಾರಣ. ನಿಯಮ ತಪ್ಪಿದಂತೆ ಕಂಡ ಈ ಎರಡೂ ಕಡೆ ಎಳೆತ ಮತ್ತು ಮರೆಯ ಲೆಕ್ಕವನ್ನು ಇನ್ನಷ್ಟು ಸೂಕ್ಷ್ಮವಾಗಿ ಹಾಕಿದರೆ ಉತ್ತರ ಸಿಗುತ್ತದೆ.

1869ರಲ್ಲಿ ಡಿಮಿಟ್ರಿ ಮೆಂಡಲೀವ್ ಕೋಷ್ಟಕ ಪ್ರಕಟಿಸಿದಾಗ ಎಲೆಕ್ಟ್ರಾನ್ ಎಂಬುದೇ ಗೊತ್ತಿರಲಿಲ್ಲ. ಆದರೂ ಗುಣಗಳು ಯಾವ ದಿಕ್ಕಿಗೆ ಬದಲಾಗುತ್ತವೆ ಎಂಬುದನ್ನು ನಂಬಿ ಆತ ಖಾಲಿ ಮನೆಗಳನ್ನು ಬಿಟ್ಟ. ಸಿಲಿಕಾನ್ ಕೆಳಗಿನ ಕಾಣದ ಧಾತುವಿಗೆ ಪರಮಾಣು ತೂಕ 72, ಸಾಂದ್ರತೆ 5.5 ಇರಬೇಕೆಂದ. 1886ರಲ್ಲಿ ಕ್ಲೆಮೆನ್ಸ್ ವಿಂಕ್ಲರ್ ಜರ್ಮೇನಿಯಂ ಕಂಡುಹಿಡಿದ. ಇಂದಿನ ಅಳತೆಯಲ್ಲಿ ಅದರ ತೂಕ 72.6, ಸಾಂದ್ರತೆ 5.3. ಈ ಕ್ರಮದ ಬೇರು ಪರಮಾಣು ತೂಕದಲ್ಲಿಲ್ಲ, ನ್ಯೂಕ್ಲಿಯಸ್ಸಿನ ಆವೇಶದಲ್ಲಿದೆ ಎಂಬುದನ್ನು 1913ರಲ್ಲಿ ಹೆನ್ರಿ ಮೋಸ್ಲಿ ಎಕ್ಸ್‌ರೇ ಪ್ರಯೋಗಗಳಿಂದ ತೋರಿಸಿದ.

ಅಂಥ ಮುನ್ನೋಟ ವಿಜ್ಞಾನಿಗಳಿಗೆ ಮಾತ್ರ ಮೀಸಲಲ್ಲ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸೋಡಿಯಂ, ಕ್ಯಾಲ್ಸಿಯಂ ಎಂದು ಎರಡು ಅಂಕಿ ಇರುತ್ತವೆ. ನೀರಿನ ವರದಿಯಲ್ಲಿ ಫ್ಲೋರೈಡ್ ಎಂದು ಒಂದು. ಅವುಗಳ ಅರ್ಥ ಗೊತ್ತಿದ್ದ ರೈತ ಜಿಪ್ಸಂ ಹಾಕುವ ಮೊದಲು ಬಸಿಗಾಲುವೆ ತೆಗೆಯುತ್ತಾನೆ, ಏಕೆಂದರೆ ಬಿಡುಗಡೆಯಾದ ಸೋಡಿಯಂಗೆ ಹೊರಹೋಗುವ ದಾರಿ ಬೇಕು. ಅರ್ಥ ಗೊತ್ತಿದ್ದ ತಾಯಿ ಮಕ್ಕಳಿಗೆ ಕುಡಿಸುವ ನೀರಿನ ವರದಿಯನ್ನು ಪಂಚಾಯಿತಿಯಲ್ಲಿ ಕೇಳಿ ಪಡೆಯುತ್ತಾಳೆ. ಭೀಮಾ ದಂಡೆಯ ಶಾಲೆಗಳಲ್ಲಿ ಆವರ್ತ ಕೋಷ್ಟಕವನ್ನು ಕಲಿಸುವಾಗ ಗೋಡೆಯ ಪಟದ ಜೊತೆಗೆ ಒಂದು ಹಿಡಿ ಎರೆ ಮಣ್ಣು, ಒಂದು ಚೂರು ಪರಸಿ, ಒಂದು ಲೋಟ ಬೋರ್‌ವೆಲ್ ನೀರನ್ನು ಮೇಜಿನ ಮೇಲಿಟ್ಟು ಪಾಠ ಶುರುಮಾಡಬೇಕು. ಬಾಯಿಪಾಠದ ಆ ಸಾಲು ತಮ್ಮ ಹೊಲ ಮತ್ತು ಬಾವಿಯ ಬಗ್ಗೆಯೇ ಇದೆ ಎಂದು ಒಮ್ಮೆ ತಿಳಿದ ಮಕ್ಕಳು ಅದನ್ನು ಮರೆಯುವುದಿಲ್ಲ.